ಲೈನ್ ಮನೆ ಬೀಗದ ಕೈ ಯಾರತ್ರ ಐತೆ?

ಹೋದ ಸಂಕ್ರಾಂತಿಗೆ ತೋವಿನಕೆರೆಗೆ ಹೋದಾಗ ಲ್ಯಾಪ್‌ಟಾಪ್ ಕೂಡ ಜೊತೇಲೇ ಬಂತು. ರಜಾ ಅಂತ ಹೆಸರಿಗಷ್ಟೆ. ಒಂದು ಕಾಫಿ ಕಂಪನಿಯ ವಾರ್ಷಿಕ ವರದಿಯಲ್ಲಿ ಕಾರ್ಮಿಕರ ಬಗ್ಗೆ ಇರೋ ಹನ್ನೆರಡು ಪುಟಗಳನ್ನ ಕನ್ನಡಕ್ಕೆ ತರೋ ಕೆಲಸ ನನ್ನ ತಲೆಗೆ ಬಿದ್ದಿತ್ತು. ಕಂಪನಿ ಹೆಸರು ಹೇಳೋ ಹಾಗಿಲ್ಲ, ಸಹಿ ಹಾಕಿಕೊಟ್ಟಿದ್ದೀನಿ. ಹೇಳೋ ಅಗತ್ಯಾನೂ ಇಲ್ಲ ಬಿಡಿ. ಇಂಥ ನಾಲ್ಕು ವರದಿ ಓದಿದವರು ಐದನೇದನ್ನ ಕಣ್ಣು ಮುಚ್ಚಿಕೊಂಡು ಬರೀಬಹುದು. ಹೊಸದಾಗಿ ಬಣ್ಣ ಬಳಿದ ಲೈನ್ ಮನೆಗಳ ಸಾಲು, ಮುಂದೆ ಎರಡು ಹೂವಿನ ಕುಂಡ. ಸ್ಲೇಟು ಹಿಡಿದು ನಗೋ ಒಂದು ಮಗು. ಅಜ್ಜಿಯೊಬ್ಬರ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು. ಕೆಳಗೆ ಒಂದೊಂದು ಸಾಲು: ವಸತಿಗೆ ನೆರವು, ಶಿಕ್ಷಣಕ್ಕೆ ನೆರವು, ಆರೋಗ್ಯಕ್ಕೆ ನೆರವು.

ಅಮ್ಮ ಅವರೆಕಾಯಿ ಮೊರ ತಗೊಂಡು ಬಂದು ಪಕ್ಕ ಕೂತ್ಕೊಂಡರು. ಸ್ಕ್ರೀನ್ ಕಡೆ ಬಗ್ಗಿ ನೋಡಿದರು.

"ಇದು ಲೈನ್ ಮನೆ ಅಲ್ವೇನೇ?"

"ಹೂಂ ಅಮ್ಮ. ಕಂಪನಿಯೋರು ಕಟ್ಟಿಸ್ಕೊಟ್ಟಿರೋದು."

"ಬಣ್ಣ ಚೆನ್ನಾಗೈತೆ," ಅಂದರು. ಒಂದು ಕಾಯಿ ಸುಲಿದರು. "ಬೀಗದ ಕೈ ಯಾರತ್ರ ಐತೆ?"

ಆ ಹನ್ನೆರಡು ಪುಟಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಇರಲಿಲ್ಲ. ಒಂದು ಬರಹವನ್ನ ವಿಮರ್ಶೆ ಮಾಡೋದು ಅಂದರೆ ಅದು ಏನು ಹೇಳಿದೆ ಅನ್ನೋದರ ಜೊತೆಗೆ ಏನು ಬಿಟ್ಟಿದೆ ಅಂತಾನೂ ನೋಡೋದು ಅಂತ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಏಳನೇ ಕ್ಲಾಸೂ ಮುಗಿಸದ ಅಮ್ಮ ಅದನ್ನ ಒಂದೇ ಪ್ರಶ್ನೇಲಿ ಮಾಡಿ ಮುಗಿಸಿದರು.

ಅಮ್ಮನಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹೇಳಬೇಕು. ನಮ್ಮ ಕಡೆ, ಅಂದರೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಮಳೆ ನಂಬಿ ಬದುಕೋ ಸೀಮೆ. ರಾಗಿ, ಕಡ್ಲೆಕಾಯಿ ಕೈಕೊಟ್ಟ ವರ್ಷ ಜನ ಕೆಲಸ ಹುಡುಕ್ಕೊಂಡು ಹೊರಟುಬಿಡ್ತಾರೆ. ಈಗ ಬೆಂಗಳೂರಿಗೆ. ಆಗ ಕಾಫಿ ಸೀಮೆಗೆ. ಎಂಬತ್ತರ ದಶಕದ ನಡುವೆ ಅಂಥದೊಂದು ವರ್ಷ ನಮ್ಮಜ್ಜಿ, ತಾತ, ಅಮ್ಮ ಹಣ್ಣು ಬಿಡಿಸೋಕೆ ಅಂತ ಮೂಡಿಗೆರೆ ಕಡೆ ಹೋಗಿದ್ದರು. ಮೇಸ್ತ್ರಿ ಊರಿಗೇ ಬಂದು ಮುಂಗಡ ಕೊಟ್ಟಿದ್ದ. ಒಂದು ಲೈನ್ ರೂಮಿನಲ್ಲಿ ಮೂರು ಸಂಸಾರ, ನಡುವೆ ಸೀರೆ ಕಟ್ಟಿಕೊಂಡು ಇದ್ದರಂತೆ. ಕೊಯ್ಲಿನ ಕೊನೇ ವಾರ ತಾತನಿಗೆ ಜ್ವರ ಹತ್ತಿಕೊಂಡಿತು. ತೋಟದಲ್ಲಿ ಔಷಧಿ ಕೊಡೋ ಒಂದು ರೂಮಿತ್ತು. ಆದರೆ ಅಲ್ಲಿಗೆ ಹೋಗೋಕೆ ರೈಟರ ಚೀಟಿ ಬೇಕು, ಚೀಟಿ ಬೇಕಂದ್ರೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಬಟವಾಡೆ ಆದ ದಿನವೇ ಇವರ ಹೆಸರು ಹೊಡೆದುಹಾಕಿಯಾಗಿತ್ತು. ಸಾಯಂಕಾಲ ಯಾರೋ ಬಂದು ರೂಮಿಗೆ ಬೀಗ ಹಾಕಿಕೊಂಡು ಹೋದರು. ಆ ರಾತ್ರಿ ಮೂವರೂ ಬಸ್ ಸ್ಟಾಪಿನಲ್ಲಿ ಕಂಬಳಿ ಹೊದ್ದುಕೊಂಡು ಕೂತಿದ್ದರು. ತಾತ ಉಳಿದುಕೊಂಡರು. ಅಮ್ಮನ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮಾತ್ರ ಉಳಿಯಲಿಲ್ಲ.

ಬೈಯೋಕೆ ಅಂತ ಇದನ್ನ ಹೇಳ್ತಿಲ್ಲ. ಆ ರೈಟರಿಗೂ ಮೇಲಿನವರ ಹುಕುಂ ಇದ್ದಿರಬಹುದು. ಮನೆ ಇತ್ತು, ಔಷಧಿ ರೂಮಿತ್ತು, ತೋಟದಾಚೆ ಒಂದು ಶಾಲೇನೂ ಇತ್ತು ಅಂತ ಅಮ್ಮನೇ ಹೇಳ್ತಾರೆ. ಈಗಿನ ವರದಿ ಬರೆಯೋರು ಅವತ್ತು ಅಲ್ಲಿಗೆ ಹೋಗಿದ್ದರೆ ಮೂರಕ್ಕೂ ಫೋಟೋ ಸಿಗ್ತಿತ್ತು. ಮೂರೂ ಇದ್ದ ಜಾಗದಲ್ಲೇ ನಮ್ಮಮ್ಮ ಬಸ್ ಸ್ಟಾಪಿನಲ್ಲಿ ಮಲಗಿದರು, ಸ್ಕೂಲು ಬಿಟ್ಟರು.

ಈಗ 'ನೆರವು' ಅನ್ನೋ ಪದಕ್ಕೆ ಬರೋಣ. ಇಂಥ ವರದಿಗಳ ವ್ಯಾಕರಣ ನೋಡಿ. ಕರ್ತೃ ಯಾವಾಗಲೂ ಕಂಪನಿ. ಕಟ್ಟಿಸಿದೆ, ಒದಗಿಸಿದೆ, ವಿತರಿಸಿದೆ. ಕೂಲಿಯವರು 'ಗೆ' ಅನ್ನೋ ವಿಭಕ್ತಿಯಲ್ಲಿ ಮಾತ್ರ ಸಿಗ್ತಾರೆ: ಕಾರ್ಮಿಕರಿಗೆ, ಅವರ ಮಕ್ಕಳಿಗೆ. ಓದ್ತಾ ಓದ್ತಾ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದು ಅನ್ನೋ ಭಾವನೆ ಬಂದೇ ಬರುತ್ತೆ.

ಆದರೆ ತೋಟದ ಮಾಲೀಕರು ಇದನ್ನೆಲ್ಲ ಕೊಡಲೇಬೇಕು ಅಂತ 1951ರಲ್ಲೇ ಕಾಯಿದೆ ಆಗಿದೆ. ತೋಟ ಕಾರ್ಮಿಕರ ಕಾಯಿದೆ ಅಂತ ಅದರ ಹೆಸರು. ಟೀ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿ ತೋಟಗಳಿಗೆ ಅದು ಅನ್ವಯ ಆಗ್ತಿತ್ತು. 1981ರ ತಿದ್ದುಪಡಿ ಆದ ಮೇಲೆ 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ, 15 ಅಥವಾ ಹೆಚ್ಚು ಜನ ಕೆಲಸ ಮಾಡೋ ತೋಟಗಳು ಅದರ ಒಳಗೆ ಬಂದವು. ತೋಟದಲ್ಲಿ ವಾಸ ಇರೋ ಕಾರ್ಮಿಕರಿಗೂ ಅವರ ಸಂಸಾರಕ್ಕೂ ಮನೆ ಕೊಡಬೇಕು. ವೈದ್ಯಕೀಯ ಸೌಲಭ್ಯ ಇರಬೇಕು. 50 ಹೆಂಗಸರು ಕೆಲಸಕ್ಕಿದ್ದರೆ, ಅಥವಾ ಅವರ ಮಕ್ಕಳು 20 ಇದ್ದರೆ, ಕೂಸಿನ ಮನೆ ಬೇಕಿತ್ತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಾಲೆಯ ವ್ಯವಸ್ಥೆ ಮಾಡಿಸೋ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸಂಬಳ ಕೊಡೋದನ್ನ ಯಾವ ಕಂಪನಿಯೂ 'ಸಂಬಳದ ನೆರವು' ಅಂತ ಬರೆಯಲ್ಲ. ಮನೆಯ ವಿಷಯದಲ್ಲಿ ಮಾತ್ರ ಹಾಗೆ ಬರೆದರೆ ನಮಗ್ಯಾರಿಗೂ ವಿಚಿತ್ರ ಅನ್ನಿಸಲ್ಲ.

ಇನ್ನೊಂದು ವಿಷಯ ನಮ್ಮಂಥ ಕಾರ್ಪೊರೇಟ್ ಮಂದಿಗೆ ಗೊತ್ತಿರಬೇಕು. 2013ರ ಕಂಪನಿ ಕಾಯಿದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ನೂರಕ್ಕೆ 2ರಷ್ಟನ್ನ ಸಾಮಾಜಿಕ ಹೊಣೆಗಾರಿಕೆಗೆ, ನಾವು ಸಿಎಸ್ಆರ್ ಅನ್ನೋದಕ್ಕೆ, ಖರ್ಚು ಮಾಡಬೇಕು. ತಮ್ಮ ನೌಕರರಿಗೇ ಮಾಡಿದ ಖರ್ಚು, ಬೇರೆ ಕಾಯಿದೆಯಡಿ ಮಾಡಲೇಬೇಕಾದ ಖರ್ಚು ಇದರ ಲೆಕ್ಕಕ್ಕೆ ಬರಲ್ಲ ಅಂತ ನಿಯಮಾನೇ ಹೇಳುತ್ತೆ. ಅಂದರೆ ಲೈನ್ ಮನೆ ಒಂದು ಲೆಕ್ಕ, ಪಕ್ಕದ ಹಳ್ಳಿಗೆ ಹಾಕಿಸಿದ ಕಣ್ಣಿನ ಕ್ಯಾಂಪ್ ಇನ್ನೊಂದು ಲೆಕ್ಕ. ಅಕೌಂಟೆಂಟ್ ಇವೆರಡನ್ನ ಬೇರೆ ಬೇರೆ ಕಾಲಮ್ಮಿನಲ್ಲಿ ಬರೀತಾರೆ. ವರದಿಯ ಬಣ್ಣದ ಪುಟದಲ್ಲಿ ಎರಡೂ ಒಂದೇ ಫ್ರೇಮಿಗೆ ಬಂದುಬಿಡ್ತವೆ. ಸಾಲ ತೀರಿಸಿದ್ದೂ ದಾನ ಮಾಡಿದ್ದೂ ಒಂದೇ ಥರ ಕಾಣಿಸ್ತದೆ.

ಇದೇ ತೋಟವನ್ನ ಆ ಕಡೆಯಿಂದ ನೋಡಿ ಬರೆದ ಪುಸ್ತಕ ನಮ್ಮಲ್ಲಿದೆ. ಶಿವರಾಮ ಕಾರಂತರ 'ಚೋಮನ ದುಡಿ', 1933ರದು. ಬಿ.ವಿ. ಕಾರಂತರ ಸಿನಿಮಾ ಬಂದಿದ್ದು 1975ರಲ್ಲಿ. ಅದಕ್ಕೆ ಸ್ವರ್ಣಕಮಲವೂ ಸಿಕ್ಕಿತು. ನಾವು ಸಾಮಾನ್ಯವಾಗಿ ಅದನ್ನ ಭೂಮಿಯ ಕತೆ, ಅಸ್ಪೃಶ್ಯತೆಯ ಕತೆ ಅಂತ ಓದ್ತೀವಿ, ಅದು ಸರಿಯೇ. ಆದರೆ ಚೋಮನ ಮನೆ ಒಡೆಯೋದರಲ್ಲಿ ಕಾಫಿ ತೋಟದ ಪಾಲು ದೊಡ್ಡದು. ಸಾಲಕ್ಕೆ ಅಂತ ಗಂಡುಮಕ್ಕಳಿಬ್ಬರು ತೋಟಕ್ಕೆ ಹೋಗ್ತಾರೆ. ಒಬ್ಬ ಜ್ವರ ಹತ್ತಿ ಸಾಯ್ತಾನೆ, ಇನ್ನೊಬ್ಬ ಅಲ್ಲೇ ಉಳಿದುಬಿಡ್ತಾನೆ. ಆಮೇಲೆ ಅದೇ ಸಾಲ ತೀರಿಸೋಕೆ ಮಗಳು ಬೆಳ್ಳಿ ಹೋಗ್ತಾಳೆ, ಅವಳ ಮೈಯೇ ಸಾಲದ ಲೆಕ್ಕಕ್ಕೆ ಜಮೆಯಾಗುತ್ತೆ. ವಸತಿ, ಆರೋಗ್ಯ, ಹೆಂಗಸರ ಸುರಕ್ಷತೆ ಅಂತ ಈಗ ನಾವು ಮಾಡೋ ಶೀರ್ಷಿಕೆಗಳೆಲ್ಲ ಅಲ್ಲಿ ಇಲ್ಲದೇ ಇರೋದರ ರೂಪದಲ್ಲಿ ಇವೆ. ಮುಂಗಡ ತಗೊಂಡ ಕೂಲಿಯವನು ಕೆಲಸ ಬಿಟ್ಟರೆ ಜೈಲಿಗೆ ಹಾಕಬಹುದು ಅನ್ನೋ 1859ರ ಬ್ರಿಟಿಷ್ ಕಾಯಿದೆ ರದ್ದಾಗಿದ್ದು 1925ರಲ್ಲಿ, ಕಾದಂಬರಿ ಬರೋಕೆ ಎಂಟೇ ವರ್ಷ ಮೊದಲು. 1951ರ ಕಾಯಿದೆಯ ಹಿಂದೆ ಇಂಥ ಬದುಕುಗಳಿದ್ದವು, ಯಾರದೋ ಔದಾರ್ಯದಿಂದ ಹುಟ್ಟಿದ ಕಾಯಿದೆ ಅಲ್ಲ ಅದು.

ಹಾಗಂತ ಕಾಯಿದೆಯೂ ಪರಿಶುದ್ಧ ಅಂತ ಅಂದುಕೋಬೇಡಿ. 1951ರ ಮೂಲ ಕಾಯಿದೆಯಲ್ಲಿ ಶಾಲೆ 12 ವರ್ಷದವರೆಗೆ. ಅದೇ ಕಾಯಿದೆ ತೋಟದ ಕೆಲಸಕ್ಕೆ ಮಕ್ಕಳನ್ನ ಹಚ್ಚಬಾರದು ಅಂದಿದ್ದೂ 12 ತುಂಬೋವರೆಗೆ ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸ್ಲೇಟು ಕೆಳಗಿಟ್ಟ ಮಾರನೇ ದಿನ ಬುಟ್ಟಿ ಎತ್ತಿಕೊಳ್ಳೋಕೆ ಅಡ್ಡಿಯಿಲ್ಲ. ಮಕ್ಕಳನ್ನ ದುಡಿಸೋ ನಿಯಮ ಆಮೇಲೆ ಬಿಗಿಯಾಯ್ತು, ನಿಜ. ಆದರೆ ಎಲ್ಲ ಮಕ್ಕಳಿಗೂ 14 ವರ್ಷದವರೆಗೆ ಶಿಕ್ಷಣ ಹಕ್ಕು ಅಂತ 2009ರಲ್ಲಿ ಕಾಯಿದೆ ಬಂದ ಮೇಲೂ ತೋಟದ ಕಾಯಿದೆಯ ಶಾಲೆ 12ರಲ್ಲೇ ನಿಂತಿತ್ತು.

ಇನ್ನು ನಮ್ಮ ಕಡೆಯಿಂದ ಹೋಗೋರ ವಿಷಯ. 1951ರ ಕಾಯಿದೆ ಪ್ರಕಾರ ತೋಟದ ಹೊರಗಿನವರು ಮನೆ ಕೇಳಬೇಕಾದರೆ 6 ತಿಂಗಳು ಬಿಡದೆ ಅಲ್ಲೇ ಕೆಲಸ ಮಾಡಿರಬೇಕಿತ್ತು. ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಸೀಸನ್ನಿಗೆ ಹೋಗೋ ಬಯಲುಸೀಮೆಯವರು ಆರು ತಿಂಗಳು ಮುಟ್ಟೋದು ಯಾವಾಗ? ಅದೂ ಅಲ್ಲದೆ ಈ ತಿಂಗಳುಗಳು ಸ್ಕೂಲಿನ ವರ್ಷದ ಕೊನೇ ಭಾಗ, ಪರೀಕ್ಷೆಯ ಹೊತ್ತು. ಊರಿನ ಸ್ಕೂಲಿನ ಹಾಜರಿಯಲ್ಲಿ ಮಗು ಗೈರುಹಾಜರು, ತೋಟದ ಸ್ಕೂಲಿನ ಪುಸ್ತಕದಲ್ಲಿ ಹೆಸರೇ ಇಲ್ಲ. ಶಾಲೆ ಕಟ್ಟಿಸಿದ ಮಾಲೀಕರೂ ಸರಿ, ಶಾಲೆ ನಡೆಸೋ ಸರ್ಕಾರಾನೂ ಸರಿ. ಮಗು ಮಾತ್ರ ಎರಡರ ನಡುವೆ ಬಿತ್ತು. ನಾನು ಅನುವಾದ ಮಾಡ್ತಿದ್ದ ವರದಿಯಲ್ಲಿ ಕಾಯಂ ಕಾರ್ಮಿಕರ ಸಂಖ್ಯೆ ಇತ್ತು, ಸೀಸನ್ನಿಗೆ ಬರೋರ ಮಕ್ಕಳು ಎಷ್ಟು ಅನ್ನೋ ಕಾಲಮ್ಮೇ ಇರಲಿಲ್ಲ.

ಊರಲ್ಲೇ ಉಳಿದರೆ? ತೋವಿನಕೆರೆ ಸುತ್ತಮುತ್ತ ಅಡಿಕೆ ಇದೆ, ತೆಂಗಿದೆ. ಮಧುಗಿರಿ ಕಡೆ ದಾಳಿಂಬೆ. 1951ರ ಕಾಯಿದೆ ಹೆಸರಿಸಿದ ಬೆಳೆಗಳಲ್ಲಿ ಇವು ಯಾವೂ ಇಲ್ಲ. ರಾಜ್ಯ ಸರ್ಕಾರ ಕೇಂದ್ರದ ಒಪ್ಪಿಗೆ ತಗೊಂಡು ಅಧಿಸೂಚನೆ ಹೊರಡಿಸಿದರೆ ಮಾತ್ರ ಬೇರೆ ಬೆಳೆ ಅದರೊಳಗೆ ಬರೋಕೆ ಸಾಧ್ಯ. ಸಣ್ಣ ತೋಟಗಳಂತೂ 5 ಹೆಕ್ಟೇರ್ ಅಳತೇಲೇ ಹೊರಗೆ. ಅಡಿಕೆ ಮರ ಹತ್ತೋನು ಬಿದ್ದು ಸೊಂಟ ಮುರಿದುಕೊಂಡರೆ ತೋಟದ ಡಿಸ್ಪೆನ್ಸರಿ ಅಂತ ಒಂದಿಲ್ಲ, ಊರವರು ಚಂದಾ ಎತ್ತಿ ತುಮಕೂರಿಗೆ ಸಾಗಿಸಬೇಕು.

ಮಾಲೀಕರ ಕಡೆ ಮಾತೂ ಕೇಳಬೇಕು. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70ರಷ್ಟು ಬೆಳೆಯೋದು ಕರ್ನಾಟಕ. ಕಾಫಿ ಹಿಡುವಳಿಗಳ ಪೈಕಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. 2000ದ ಆಸುಪಾಸಿನಲ್ಲಿ ಪ್ರಪಂಚದ ಮಾರ್ಕೆಟ್ಟಿನಲ್ಲಿ ರೇಟು ನೆಲ ಕಚ್ಚಿದಾಗ ತೋಟ ಅಡ ಇಟ್ಟವರ ಮಕ್ಕಳು ನಮ್ಮ ಆಫೀಸಿನಲ್ಲೇ ಇದ್ದಾರೆ. 'ಭತ್ತ ಬೆಳೆಯೋನಿಗೆ ಇಲ್ಲದ ಮನೆ-ಶಾಲೆ-ಆಸ್ಪತ್ರೆಯ ಹೊರೆ ನಮಗ್ಯಾಕೆ' ಅಂತ ಅವರು ಕೇಳೋದು ಬರೀ ಜಿಪುಣತನದ ಮಾತಲ್ಲ. ಇನ್ನೊಂದು ಕಡೆ, ದೊಡ್ಡವರು ಮನಸ್ಸು ಮಾಡಿದರೆ ಏನು ಸಾಧ್ಯ ಅನ್ನೋದಕ್ಕೆ ಕೊಡಗಿನಲ್ಲೇ ಉದಾಹರಣೆ ಇದೆ. ಟಾಟಾ ಕಾಫಿಯ ಬೆಂಬಲದಲ್ಲಿ ಬೆಳೆದ ಅಮ್ಮತ್ತಿಯ ಆಸ್ಪತ್ರೆ, ಸುಂಟಿಕೊಪ್ಪದಲ್ಲಿ ವಿಶೇಷ ಚೇತನ ಮಕ್ಕಳಿಗಾಗಿರೋ 'ಸ್ವಸ್ಥ' ಶಾಲೆ. ಸುತ್ತಲಿನ ಸರ್ಕಾರಿ ವ್ಯವಸ್ಥೆ ತಲುಪದ ಕಡೆ ಇವು ತಲುಪಿವೆ. ಕಾಯಿದೆ ಕೇಳಿದ್ದಕ್ಕಿಂತ ಹೆಚ್ಚು ಮಾಡಿದ್ದಕ್ಕೆ ನೆರವು ಅನ್ನೋ ಪದ ಸಲ್ಲುತ್ತೆ, ನನ್ನ ತಕರಾರಿಲ್ಲ.

ನನ್ನ ತಕರಾರು ಇನ್ನೂ ಬುಡದ್ದು. ಎಲ್ಲ ಚೆನ್ನಾಗೇ ಕೊಟ್ಟರು ಅಂತಾನೇ ಇಟ್ಕೊಳ್ಳಿ. ಮನೆ, ಸ್ಕೂಲು, ಡಾಕ್ಟರು ಮೂರೂ ಒಬ್ಬನೇ ಧಣಿಯ ಕೈಯಲ್ಲಿದ್ದರೆ, ಕೂಲಿ ಸಾಲದು ಅಂತ ಬಾಯಿ ಬಿಡೋಕೆ ಮೊದಲು ಕಾರ್ಮಿಕ ಮೂರು ಸಲ ಯೋಚಿಸ್ತಾನೆ. ಕೆಲಸ ಹೋದರೆ ಸಂಬಳದ ಜೊತೆ ಸೂರೂ ಹೋಗುತ್ತೆ. ವಯಸ್ಸಾಗಿ ಕೈಲಾಗದೆ ಹೋದರೆ ನಲವತ್ತು ವರ್ಷ ಇದ್ದ ಮನೆ ಬಿಡಬೇಕು, ಇಲ್ಲ ಮಗನೋ ಸೊಸೆಯೋ ಅದೇ ತೋಟಕ್ಕೆ ಬುಟ್ಟಿ ಹಿಡಿದು ಹೋಗಬೇಕು.

ಇದು ಊಹೆ ಅನ್ನಿಸಿದರೆ ದಿಡ್ಡಳ್ಳಿ ನೆನಪಿಸಿಕೊಳ್ಳಿ. 2016ರಲ್ಲಿ ಕೊಡಗಿನ ಸಿದ್ದಾಪುರದ ಹತ್ತಿರ ಯರವ, ಜೇನುಕುರುಬ ಕುಟುಂಬಗಳು ಕಾಫಿ ತೋಟದ ಲೈನ್ ಮನೆಗಳನ್ನ ಬಿಟ್ಟು ಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವು. ಆ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನ ಕೆಡವಿತು. ಜನ ಅಲ್ಲೇ ಕೂತರು, ರಾಜ್ಯವೆಲ್ಲ ಸುದ್ದಿಯಾಯಿತು. ಕೊನೆಗೆ ಕುಶಾಲನಗರದ ಆಸುಪಾಸಿನ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯ್ತು. ನನಗೆ ಈ ಘಟನೆಯಲ್ಲಿ ತಲೆ ಕೊರೆಯೋದು ಒಂದೇ ವಿಷಯ. ಗೋಡೆ, ಸೂರು ಇರೋ ಮನೆ ಬಿಟ್ಟು ಆನೆ ಓಡಾಡೋ ಕಡೆ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿಗೆ ಜನ ಯಾಕೆ ಬಂದರು? ವರದಿಗಳ ಅಳತೆಯಲ್ಲಿ ಇದಕ್ಕೆ ಅರ್ಥವೇ ಇಲ್ಲ. ಎಷ್ಟು ಚದರಡಿ, ಎಷ್ಟು ನಲ್ಲಿ, ಎಷ್ಟು ಶೌಚಾಲಯ ಅಂತ ಎಣಿಸಿದರೆ ಲೈನ್ ಮನೆಯೇ ಗೆಲ್ಲುತ್ತೆ. ಅವರು ಕೇಳಿದ್ದು ತಮ್ಮ ಹೆಸರಿನ ನೆಲ. ನಮ್ಮಮ್ಮ ಅವರೆಕಾಯಿ ಸುಲೀತಾ ಕೇಳಿದ್ದೂ ಅದನ್ನೇ.

ಧಣಿ ಸರ್ಕಾರವೇ ಆದರೆ ಎಲ್ಲ ಸರಿಹೋಗುತ್ತಾ? 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರಿನ ಕಡೆ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ, ಮನೆ ಕೊಟ್ಟರು. ಈಗ ಆ ತೋಟಗಳನ್ನ ನೋಡಿಕೊಳ್ಳೋದು ಅರಣ್ಯ ಅಭಿವೃದ್ಧಿ ನಿಗಮ. ಅಲ್ಲೂ ಮನೆ ಸಿಕ್ಕಿದ್ದು ಕೆಲಸದ ಬೆನ್ನಿಗೇ. ಆ ಕೆಲಸ ಬೇಡ ಅನ್ನೋ ಮುಂದಿನ ತಲೆಮಾರು ಎಲ್ಲಿರಬೇಕು ಅನ್ನೋ ಪ್ರಶ್ನೆ ಅಲ್ಲೂ ತಪ್ಪಿದ್ದಲ್ಲ.

ಈ ನಡುವೆ 1951ರ ಕಾಯಿದೆಯೇ ಹಳೇ ಪುಸ್ತಕ ಸೇರಿತು. 2020ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ, ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸಂಹಿತೆಯೊಳಗೆ ಅದನ್ನ ಸೇರಿಸಿದ್ದಾರೆ. 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂದಿದೆ. ಮನೆ, ಕೂಸಿನ ಮನೆ, ಶಾಲೆ, ಆರೋಗ್ಯ ಎಲ್ಲ ಅದರಲ್ಲೂ ಇದೆ. ಆದರೆ ಹೊಸದೊಂದು ಸಾಲಿದೆ: ಮಾಲೀಕರು ಈ ಸೌಲಭ್ಯಗಳನ್ನ ಸ್ವಂತ ದುಡ್ಡಿನಲ್ಲಾದರೂ ಕೊಡಬಹುದು, ಇಲ್ಲ ಕೇಂದ್ರ, ರಾಜ್ಯ, ಪುರಸಭೆ, ಪಂಚಾಯಿತಿಗಳ ಯೋಜನೆಗಳ ಮೂಲಕವಾದರೂ ಕೊಡಬಹುದು. ಇದರಲ್ಲಿ ಒಳ್ಳೇದಕ್ಕೂ ದಾರಿ ಇದೆ. ಪಂಚಾಯಿತಿ ಸೈಟಿನಲ್ಲಿ ಕಾರ್ಮಿಕರ ಹೆಸರಿಗೇ ಹಕ್ಕುಪತ್ರ ಆಗಿ, ಕಟ್ಟೋ ಖರ್ಚಿನಲ್ಲಿ ಮಾಲೀಕರ ಪಾಲಿದ್ದರೆ, ಕೆಲಸ ಬಿಟ್ಟರೂ ಮನೆ ಉಳಿಯುತ್ತೆ, ಸಣ್ಣ ಬೆಳೆಗಾರರ ಹೊರೆಯೂ ಇಳಿಯುತ್ತೆ. ಕೆಟ್ಟದಕ್ಕೂ ದಾರಿ ಇದೆ. ಪಂಚಾಯಿತಿ ಕಟ್ಟಿಸಿದ ಮನೆ ಮುಂದೆ ಕಂಪನಿ ಬೋರ್ಡು ನೆಟ್ಟು, ಬಣ್ಣದ ಪುಟದಲ್ಲಿ ಅದೇ 'ವಸತಿಗೆ ನೆರವು' ಅಂತ ಬರೆದುಕೊಳ್ಳಬಹುದು. ಯಾವುದು ಆಗುತ್ತೆ ಅನ್ನೋದು ರಾಜ್ಯ ಸರ್ಕಾರ ಏನು ನಿಯಮ ಬರೆಯುತ್ತೆ, ಅದನ್ನ ಯಾರು ಓದಿ ಪ್ರಶ್ನೆ ಕೇಳ್ತಾರೆ ಅನ್ನೋದರ ಮೇಲಿದೆ.

ಓದೋರು ಯಾರು? ನಾವೇ ಇರಬೇಕು. ನಮಗೆ ಇದು ತೀರಾ ದೂರದ್ದೂ ಅಲ್ಲ. ಲೇಆಫ್ ಮೇಲ್ ಬಂದ ದಿನ ಅಪ್ಪ-ಅಮ್ಮನ ಹೆಸರಿದ್ದ ಆಫೀಸಿನ ಇನ್ಶೂರೆನ್ಸ್ ಯಾವತ್ತಿನವರೆಗೆ ಅಂತ ತಡಕಾಡಿದವರು ನಮ್ಮಲ್ಲೇ ಇದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದ ತಕ್ಷಣ ಔಷಧಿ ಚೀಟಿ ನಿಲ್ಲೋದು ಅಂದರೆ ಇದೇ. ಒಂದೇ ವ್ಯತ್ಯಾಸ, ನಮಗೆ ಆ ರಾತ್ರಿ ಮಲಗೋಕೆ ಬಾಡಿಗೆ ಮನೆಯಾದರೂ ಇರುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಸೈಟಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರೋ ಪಾವಗಡದವರಿಗೆ ಅದೂ ಇಲ್ಲ. ಕಟ್ಟಡ ಮುಗಿದ ದಿನ ಶೆಡ್ಡೂ ಮುಗೀತು.

ವರದಿಯ ಕತೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ನಾನು 'ವಸತಿಗೆ ನೆರವು' ಅನ್ನೋದರ ಜಾಗದಲ್ಲಿ 'ಕಾಯಿದೆ ಪ್ರಕಾರ ಕೊಟ್ಟ ಮನೆಗಳು' ಅಂತ ಹಾಕಿ, ಬೇರೆ ಪುಟದಲ್ಲಿ 'ಕಾಯಿದೆಗಿಂತ ಹೆಚ್ಚಿಗೆ ಮಾಡಿದ್ದು' ಅಂತ ಇನ್ನೊಂದು ಶೀರ್ಷಿಕೆ ಮಾಡಿ ಕಳಿಸಿದೆ. ಕೆಲಸ ಬಿಟ್ಟವರು ಮನೆಯಲ್ಲಿ ಎಷ್ಟು ದಿನ ಇರಬಹುದು ಅಂತ ಒಂದು ಪ್ರಶ್ನೆಯನ್ನೂ ಕಮೆಂಟಿನಲ್ಲಿ ಕೇಳಿದ್ದೆ. ಮೂರು ದಿನಕ್ಕೆ ಫೈಲು ವಾಪಸ್ ಬಂತು. ಶೀರ್ಷಿಕೆ ಮೊದಲಿನ ಹಾಗೇ ಇತ್ತು. ಕಮೆಂಟಿಗೆ ಉತ್ತರ ಇರಲಿಲ್ಲ, 'ರಿಸಾಲ್ವ್ಡ್' ಅಂತ ಒತ್ತಿದ್ದರು. ನಾನು ಕೆಲಸ ಬಿಡಲಿಲ್ಲ, ಇನ್‌ವಾಯ್ಸ್ ಕಳಿಸಿದೆ, ದುಡ್ಡೂ ಬಂತು. ಇಎಂಐ ಇದೆ ನೋಡಿ.

ಫೋನಿನಲ್ಲಿ ಅಮ್ಮನಿಗೆ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೋಗ್ಲಿ ಬಿಡು, ಕೇಳಿದ್ಯಲ್ಲ," ಅಂದರು. "ಮುಂದಿನ ವರ್ಷಾನೂ ಕೇಳು."